ರಸ್ತೆ ದಾಟಿದ ಡಬ್ಬಿ

ರಸ್ತೆಗೆ ಕಿವಿ ಬಂದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿದೆ. ಮೊದಲು ಊರಿನವರು ಇದ್ದಕ್ಕಿದ್ದಂತೆ ಸಭ್ಯರಾಗಿಬಿಡುತ್ತಾರೆ. ಆ ಸಭ್ಯತೆಯ ದೆಸೆಯಿಂದ ನಮ್ಮ ಸೋಮನಬಾವಿ ಎರಡು ಹೋಳಾಗುವುದರಲ್ಲಿತ್ತು.

ಕಿವಿ ಅಂದರೆ ನಿಜವಾದ ಕಿವಿಯಲ್ಲ. ಹೆದ್ದಾರಿಯ ಪಕ್ಕದಲ್ಲಿ ಮಣ್ಣಿನಡಿ ಫೋನು, ಇಂಟರ್ನೆಟ್ಟಿಗೆಂದು ಯಾವ ಕಾಲದಲ್ಲೋ ಹೂತಿಟ್ಟ ಗಾಜಿನೆಳೆಯ ಕೇಬಲ್. ಅದರೊಳಗೆ ಬೆಳಕು ಹರಿಸಿದರೆ ದಾರಿಯುದ್ದಕ್ಕೂ ಒಂದಿಷ್ಟು ಬೆಳಕು ಚೆದುರಿ ಹಿಂದಕ್ಕೆ ಬರುತ್ತದೆ. ಮೇಲೆ ಯಾರಾದರೂ ನಡೆದರೆ ನೆಲ ಸಣ್ಣಗೆ ನಡುಗುತ್ತದೆ, ಎಳೆ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಹಿಂದಕ್ಕೆ ಬರುವ ಬೆಳಕು ಆ ಸುದ್ದಿಯನ್ನು ಹೊತ್ತು ತರುತ್ತದೆ. ಲಾರಿ ಯಾವುದು, ಎಮ್ಮೆ ಯಾವುದು, ಚಪ್ಪಲಿ ಎಳೆದುಕೊಂಡು ನಡೆಯುವ ಹೆಂಗಸು ಯಾರು ಎಂದು ನಮ್ಮ ಯಂತ್ರ ಬಿಡಿಸಿ ಹೇಳುತ್ತದೆ. ಹೆಸರು ಅದಕ್ಕೆ ಗೊತ್ತಿಲ್ಲ. ಹೆಜ್ಜೆ ಗೊತ್ತು.

ಹೀಗೆ ಕೇಳಿಸಿಕೊಂಡದ್ದನ್ನೆಲ್ಲ ಸೇರಿಸಿ ಅದು ತನ್ನೊಳಗೆ ಅದೇ ಊರಿನ ಇನ್ನೊಂದು ಪ್ರತಿಯನ್ನು ಕಟ್ಟುತ್ತದೆ. ನಾವು ಅದನ್ನು ನೆರಳೂರು ಎನ್ನುತ್ತಿದ್ದೆವು. ನೆರಳೂರಿನಲ್ಲಿ ಒಂದು ಫ್ಲೈಓವರ್ ಹಾಕಿ ನೋಡಬಹುದು, ಬೈಪಾಸ್ ಹಾಕಿ ನೋಡಬಹುದು. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಒಂದು ತಲೆಮಾರು ಕಳೆದಿರುತ್ತದೆ. ಯಾವ ಅಂಗಡಿ ಮುಚ್ಚಿತು, ಯಾವ ಬೀದಿ ಬೆಳೆಯಿತು, ಎಲ್ಲ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ.

ನಾನು ಇಂಚರ. ಹೆದ್ದಾರಿ ಯೋಜನಾ ಕೇಂದ್ರದಲ್ಲಿ ಎಂಜಿನಿಯರ್. ದೊಡ್ಡಪಾಳ್ಯ, ಸೋಮನಬಾವಿ, ಕೆಂಚನಗೆರೆ ಎಂಬ ಮೂರು ಪುಟ್ಟ ಊರುಗಳ ನಡುವೆ ನುಸುಳಿ ಹೋಗುವ ರಸ್ತೆಯ ತುಂಡು ನನ್ನ ಪಾಲಿಗೆ ಬಂದಿತ್ತು. ಇಡೀ ಹೆದ್ದಾರಿಯಲ್ಲಿ ಅತಿ ಹೆಚ್ಚು ಬೈಗುಳ ತಿಂದ ಜಾಗ ಅದು. ಸೈಕಲ್ಲಿನವರು ಕಾರಿನವರನ್ನು ಹಿಂದಿಕ್ಕಿ ಹೋಗುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದೇ ಆ ಟ್ರಾಫಿಕ್ಕಿನಲ್ಲಿ. ಅಮ್ಮ ತೀರಿಕೊಂಡ ಮೇಲೆ ಸೋಮನಬಾವಿಯಲ್ಲಿ ನನ್ನನ್ನು ಸಾಕಿದ್ದು ದೊಡ್ಡಮ್ಮ ವನಜಾಕ್ಷಿ. ಅವಳದು ರಸ್ತೆಯ ಪೂರ್ವಕ್ಕೆ ಆತುಕೊಂಡ ತಟ್ಟೆ ಇಡ್ಲಿ ಅಂಗಡಿ. ಬಸ್ಸುಗಳು ಎಷ್ಟು ನಿಧಾನವಾಗಿ ತೆವಳುತ್ತಿದ್ದವೆಂದರೆ, ಕಿಟಕಿಯಲ್ಲಿ ಕೂತವರಿಗೆ ಇಡ್ಲಿ ಕೊಟ್ಟು, ಅವರು ತಿಂದು ಮುಗಿಸುವವರೆಗೆ ಪಕ್ಕದಲ್ಲೇ ನಡೆದು, ತಟ್ಟೆ ವಾಪಸ್ ಇಸಿದುಕೊಂಡು ಬರುತ್ತಿದ್ದೆವು. ಲಾರಿಯ ಹಿಂದಿನ ಬರಹಗಳಿಂದ ನಾನು ತಮಿಳು ಅಕ್ಷರ ಕಲಿತೆ. ಊರೆಲ್ಲ ಹೊಗೆ, ಹಾರ್ನು, ಹಬೆಯಾಡುವ ಇಡ್ಲಿ. ಈಗ ನೆನೆಸಿಕೊಂಡರೆ ಅಷ್ಟು ಹೊಗೆ ಕುಡಿದು ಹೇಗೆ ಬದುಕಿದೆವೋ ಅನ್ನಿಸುತ್ತದೆ, ಆದರೂ ಆ ದಿನಗಳು ಬೇಕೆನಿಸುತ್ತವೆ.

ಇನ್ನೊಂದು ಓಡಾಟವಿತ್ತು. ನಮ್ಮೂರಿನಲ್ಲಿ ಮನೆಯಲ್ಲಿ ಏನಾದರೂ ವಿಶೇಷ ಮಾಡಿದರೆ ಒಂದು ಡಬ್ಬಿ ರಸ್ತೆಯಾಚೆ ಹೋಗಲೇಬೇಕು. ರಸ್ತೆಯ ಈಚೆಯ ಪ್ರತಿ ಮನೆಗೂ ಆಚೆಯ ಒಂದು ಮನೆಯೊಂದಿಗೆ ಬಳಕೆ. ಆ ಡಬ್ಬಿಯನ್ನು ಖಾಲಿ ವಾಪಸ್ ಕೊಡುವ ಹಾಗಿಲ್ಲ, ಏನಾದರೂ ತುಂಬಿಸಿಯೇ ಕೊಡಬೇಕು. ತುಂಬಿ ಬಂದ ಮೇಲೆ ಇವರು ಸುಮ್ಮನಿರಲಾದೀತೇ? ಮತ್ತೆ ಕಳಿಸಬೇಕು. ದೊಡ್ಡಮ್ಮನ ಪಾಲಿಗೆ ಆಚೆಯ ಮನೆ ಜೈಬಮ್ಮನದು. ಜೈಬುನ್ನೀಸಾ ಎಂದು ಪೂರ್ತಿ ಹೆಸರು. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಊರಿಗೆ ಬಂದವರು. ಅವರ ನಡುವೆ ಓಡಾಡುತ್ತಿದ್ದ ಸ್ಟೀಲ್ ಡಬ್ಬಿಯ ತಳದಲ್ಲಿ ಚುಕ್ಕಿಚುಕ್ಕಿಯಾಗಿ 'ಜೈಬು' ಎಂದು ಹೆಸರು ಹಾಕಿಸಿತ್ತು. ಲಾರಿಗಳ ಮಧ್ಯೆ ಅದನ್ನು ಎದೆಗವುಚಿಕೊಂಡು ಓಡುತ್ತಿದ್ದವಳು ನಾನು.

ಇಂಥ ಊರಿನ ವರದಿ ಪರದೆಯ ಮೇಲೆ ಬಂದ ದಿನ ನಾನು ಬೆಪ್ಪಾಗಿ ನಿಂತೆ.

ಕೇಬಲ್ ಒಂದು ತಿಂಗಳು ಆಲಿಸಿತ್ತು. ಮೂರು ಊರಿನಲ್ಲೂ ತಮಟೆ ಹೊಡೆಸಿ ಮೊದಲೇ ತಿಳಿಸಿದ್ದೆವು, ಕಾನೂನು ಹಾಗೆ ಹೇಳುತ್ತದೆ. ಯಂತ್ರದ ತೀರ್ಮಾನ: ರಸ್ತೆ ಆರು ಪಥ, ಎರಡೂ ಬದಿಗೆ ಎತ್ತರದ ಗೋಡೆ. ಕೆಂಚನಗೆರೆಯಲ್ಲಿ ಜನ ದಾಟಲು ದೊಡ್ಡ ಅಂಡರ್‌ಪಾಸ್, ದೊಡ್ಡಪಾಳ್ಯದಲ್ಲಿ ಚಿಕ್ಕದು. ಸೋಮನಬಾವಿಯಲ್ಲಿ ಏನೂ ಇಲ್ಲ. ಬರೀ ಗೋಡೆ.

"ಸರ್, ಇದು ತಪ್ಪು," ಅಂದೆ.

ವಾಸುಕಿ ಸರ್ ನಮ್ಮ ಮುಖ್ಯಸ್ಥರು. ಯಾವಾಗಲೂ ಕನ್ನಡಕ ಒರೆಸುತ್ತಲೇ ಇರುತ್ತಾರೆ. ಒರೆಸುತ್ತಲೇ ಪರದೆ ನೋಡಿದರು.

"ಏನು ತಪ್ಪು?"

"ಸೋಮನಬಾವೀಲಿ ಯಾರೂ ರಸ್ತೆ ದಾಟೋದೇ ಇಲ್ಲ ಅಂತಿದೆ."

"ದಾಟಿಲ್ಲ, ಅದಕ್ಕೇ ಹಾಗಿದೆ. ನೋಡಿ, ನಡೆಯೋರ ಒಂದು ಹಳದಿ ಚುಕ್ಕೀನೂ ಆ ಕಡೆಯಿಂದ ಈ ಕಡೆ ಬಂದಿಲ್ಲ. ಅಲ್ಲಿ ಬಾಗಿಲು ಬಿಟ್ಟರೆ ಮತ್ತೆ ಅಲ್ಲೇ ಜಾಮ್ ಆಗುತ್ತೆ. ಕೇಬಲ್‌ಗೆ ನಿಮ್ಮೂರಿನ ಮೇಲೆ ದ್ವೇಷ ಇದೆಯಾ ಇಂಚರಾ?"

ಪರದೆಯಲ್ಲಿ ನನ್ನೂರಿನ ನೆರಳು ಎರಡು ದಂಡೆಗಳಾಗಿ ಬಿದ್ದಿತ್ತು. ನಡುವೆ ವಾಹನಗಳ ನೀಲಿ ಚುಕ್ಕಿಗಳು. ದಾಟಬೇಕಾದರೆ ಇನ್ನು ಕೆಂಚನಗೆರೆಯವರೆಗೆ ಹೋಗಿ ಸುತ್ತಿ ಬರಬೇಕು. ಜೈಬಮ್ಮನ ಮಂಡಿನೋವು ನೆನಪಾಯಿತು. ಆ ಗೋಡೆ ಎದ್ದರೆ ಇಬ್ಬರು ಮುದುಕಿಯರು ಎದುರುಬದಿರು ಇದ್ದುಕೊಂಡೇ ಇನ್ನು ಒಬ್ಬರನ್ನೊಬ್ಬರು ನೋಡದೆ ಸಾಯುತ್ತಾರೆ ಅನ್ನಿಸಿತು.

ಶನಿವಾರ ಬಸ್ಸು ಹತ್ತಿದೆ. ಸೋಮನಬಾವಿ ಹತ್ತಿರವಾದಂತೆ ಬಸ್ಸು ಎಂದಿನಂತೆ ತೆವಳತೊಡಗಿತು. ಕಿಟಕಿಯಿಂದ ನೋಡಿದರೆ ವಿಚಿತ್ರ. ಸಂತೆ ಎರಡು ಪಾಲಾಗಿ ರಸ್ತೆಯ ಎರಡೂ ಬದಿ ಕೂತಿತ್ತು. ಈಚೆ ಟೊಮೇಟೊ, ಆಚೆ ಈರುಳ್ಳಿ. ಬೇಕಾದವರು ಈಚೆಯಿಂದ ಕೂಗಿ ಬೆಲೆ ಕೇಳಿ ಸುಮ್ಮನಾಗುತ್ತಿದ್ದರು. ನಡುವೆ ಡ್ರಿಲ್ ಮೇಷ್ಟ್ರು ಹನುಮಂತರಾಯಪ್ಪ ಕೊರಳಿಗೆ ಸೀಟಿ ತೂಗುಹಾಕಿಕೊಂಡು ನಿಂತಿದ್ದರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಸೀಟಿ ನಿವೃತ್ತಿಯಾಗಿರಲಿಲ್ಲ.

"ಬಂದ್ಯೇನವ್ವ!" ಎಂದು ಓಡಿ ಬಂದರು. "ಹೆಂಗಿತ್ತು ನಮ್ ಊರು? ತಿಂಗ್ಳು ಪೂರ್ತಿ ಒಬ್ನೇ ಒಬ್ಬ ರೋಡ್ ದಾಟ್ನಿಲ್ಲ! ದಾಟ್ಲೇಬೇಕು ಅನ್ನೋರ್ನ ಆಟೋ ಮಾಡಿ ಕೆಂಚನಗೆರೆಗೆ ಕಳಿಸ್ದೆ. ಇಸ್ಕೂಲ್ ಮಕ್ಳೂವೆ ಅಲ್ಲೇ ದಾಟಿ ಸುತ್ತಾಕ್ಕಂಡು ಬಂದ್ವು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಂಚನಗೆರೆಯ ದೊಡ್ಡ ಅಂಡರ್‌ಪಾಸು ನಮ್ಮೂರಿನ ಕಾಲುಗಳ ಕೊಡುಗೆ.

"ಯಾಕ್ ಮೇಷ್ಟ್ರೇ ಹಂಗ್ ಮಾಡಿದ್ರಿ?"

"ಯಾಕೆ ಅಂದ್ರೆ? ದೊಡ್ಡೋರು ಬರೋ ದಿನ ರೋಡಿಗೆ ದನ ಬಿಡ್ತೀವಾ? ಕೇಳ್ತಾ ಇರೋದು ಯಾರು? ನಮ್ ಇಂಚರ. ಅಲ್ಲಿ ದೊಡ್ಡ ದೊಡ್ಡ ಆಫೀಸರುಗಳ ಮುಂದೆ ನಮ್ ಹುಡ್ಗಿ ತಲೆ ತಗ್ಸಬಾರ್ದು ಅಂತ ಊರೋರೆಲ್ಲ ಮಾತಾಡ್ಕಂಡ್ವಿ. ಪ್ಲಾನು ಬರೋಗಂಟ ಇನ್ನೂ ಬಿಗಿಯಾಗೇ ಇಟ್ಟಿದ್ದೀನಿ."

ಅವರ ಮುಖದಲ್ಲಿ ಸಂತೋಷ ತುಳುಕುತ್ತಿತ್ತು. ನನ್ನ ಮರ್ಯಾದೆಗಾಗಿ ಇಡೀ ಊರು ತನ್ನ ಕಾಲು ತಾನೇ ಕಟ್ಟಿಕೊಂಡಿತ್ತು. ಗೋಡೆಯ ಸುದ್ದಿ ಹೇಳದೆ ಅಂಗಡಿಯ ಕಡೆ ನಡೆದೆ.

ದೊಡ್ಡಮ್ಮ ಅಂಗಡಿಯ ಒಲೆಯ ಮುಂದೆ ಕೂತಿದ್ದಳು. ಮುಖ ಬಾಡಿತ್ತು.

"ಜೈಬಮ್ಮ ಹೆಂಗವ್ರೆ?" ಎಂದೆ.

"ನಂಗೇನ್ ಗೊತ್ತು," ಅಂದಳು. "ತಿಂಗ್ಳು ಮುಗೀತು. ಯಾರೂ ನೋಡ್ದೇ ಇರೋವಾಗ ಒಂದ್ ಗಳಿಗೆ ಬಂದ್ ಹೋಗ್ಬೋದಿತ್ತು. ಬರ್ನಿಲ್ಲ. ಮೊದ್ಲು ಕೈಯಾದ್ರೂ ಆಡಿಸ್ತಿದ್ಲು, ಈಗ ಜಗಲಿ ಮೇಲೆ ಕೂತ್ರೂ ಈ ಕಡೆ ತಿರ್ಗಲ್ಲ."

"ನೀನ್ಯಾಕೆ ಹೋಗ್ನಿಲ್ಲ?"

"ಡಬ್ಬಿ ಅವಳ್ದು. ಬೇಕಾದ್ರೆ ಅವ್ಳೇ ಬರ್ಲಿ."

ಡಬ್ಬಿ ಶೆಲ್ಫಿನ ಮೇಲೆ ಬೋರಲು ಮಲಗಿತ್ತು. ಅಷ್ಟು ವರ್ಷಗಳಲ್ಲಿ ಅದು ಒಂದು ಕಡೆ ಅಷ್ಟು ದಿನ ನಿಂತದ್ದನ್ನು ನಾನು ನೋಡಿರಲಿಲ್ಲ. ಕೆಂಚನಗೆರೆ ಸುತ್ತಿ ಆಚೆ ಬದಿಯ ಬಸ್ಸು ಹಿಡಿಯುವ ನೆಪ ಹೇಳಿ, ನಾನೇ ಕೊಟ್ಟು ಹೋಗುತ್ತೇನೆಂದು ಎತ್ತಿಕೊಂಡೆ. ದೊಡ್ಡಮ್ಮ ಕಿತ್ತುಕೊಂಡು ಒಳಗೆ ಒಂದು ಹಿಡಿ ಸಕ್ಕರೆ ಸುರಿದು ಕೊಟ್ಟಳು.

ಸಕ್ಕರೆ! ಬಲ್ಲವರಿಗೆ ಗೊತ್ತು. ಖಾಲಿ ಕೊಡಬಾರದೆಂಬ ಶಾಸ್ತ್ರಕ್ಕೆ ಹೊರಗಿನವರ ಪಾತ್ರೆಗೆ ಹಾಕುವುದು ಸಕ್ಕರೆ. ಜೈಬಮ್ಮನಿಗೆ ದೊಡ್ಡಮ್ಮ ಎಂದೂ ಸಕ್ಕರೆ ಕಳಿಸಿದವಳಲ್ಲ.

ಜೈಬಮ್ಮ ಜಗಲಿಯ ಮೇಲೆ ಕೋಲು ಪಕ್ಕಕ್ಕಿಟ್ಟುಕೊಂಡು ಕೂತಿದ್ದರು, ಪುಟ್ಟ ಮೊಮ್ಮಗಳು ಅಂಗಳದಲ್ಲಿ ಆಡುತ್ತಿದ್ದಳು. ನನ್ನ ಕೆನ್ನೆ ಸವರಿದರು. ಡಬ್ಬಿ ತೆಗೆದು ನೋಡಿದವರು ಬಹಳ ಹೊತ್ತು ಮುಚ್ಚಲಿಲ್ಲ.

"ಸಕ್ಕರೆ ಹಾಕವ್ಳಾ?" ಅಂದರು ಕೊನೆಗೆ. "ಆಯ್ತು ಬೇಟಿ. ಇಟ್ಟು ಹೋಗು."

ಆ ದನಿ ಕೇಳಿದ ಮೇಲೆ ನಾನು ಡಬ್ಬಿ ತಂದದ್ದೇ ತಪ್ಪಾಯಿತೇನೋ ಎಂದು ಬಸ್ಸಿನಲ್ಲೆಲ್ಲ ಕೊರಗಿದೆ.

ಸೋಮವಾರ ವಾಸುಕಿ ಸರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ.

"ಇನ್ನೊಂದು ತಿಂಗಳು ಆಲಿಸೋಕೆ ಆಗಲ್ಲಮ್ಮ. ನಿಯಮ ಇಲ್ಲ. ಹಳೇ ದಾಖಲೆಗೂ ಹೊಸದಕ್ಕೂ ತಾಳೆ ಬೀಳದೇ ಇದ್ರೆ ಮಾತ್ರ ಒಂದು ದಿನದ ಮರುಪರೀಕ್ಷೆ ಮಾಡಬಹುದು. ಹಳೇದು ಎಲ್ಲಿದೆ?"

ಹಳೆಯದು ಇತ್ತು. ಕೇಬಲ್ಲು ಎಲ್ಲಾದರೂ ಕತ್ತರಿಸಿತೇ ಎಂದು ತಿಳಿಯಲು ಹಿಂದಿನ ಕಾಲದಲ್ಲೂ ಅದರೊಳಗೆ ಬೆಳಕು ಹರಿಸುತ್ತಿದ್ದರು. ಆ ನಡುಕವೆಲ್ಲ ಅವರಿಗೆ ಬರೀ ಗದ್ದಲ, ಅಳಿಸುವ ಗೋಜಿಗೂ ಯಾರೂ ಹೋಗಿರಲಿಲ್ಲ. ಹುಡುಕಿಸಿ ತೆಗೆಸಿ ಯಂತ್ರಕ್ಕೆ ಉಣಿಸಿದೆವು. ಪರದೆಯ ಮೇಲೆ ನನ್ನ ಬಾಲ್ಯ ಹಳದಿ ಚುಕ್ಕಿಗಳಾಗಿ ಎದ್ದು ಬಂತು.

ಎಷ್ಟೊಂದು ಜನ! ಸಂತೆಗೆ ಹೋಗುವವರು, ಶಾಲೆಗೆ ಹೋಗುವವರು. ಯಂತ್ರ ಪ್ರತಿ ಓಡಾಟಕ್ಕೂ ಅದರ ಕಾರಣದ ಹೆಸರು ಹಚ್ಚುತ್ತಾ ಹೋಯಿತು: ಶಾಲೆ, ಸಂತೆ, ಕೆಲಸ, ಬಸ್ಸು. ಆದರೆ ರಾಶಿ ರಾಶಿ ಹೆಜ್ಜೆಗಳಿಗೆ ಅದು ಹಚ್ಚಿದ್ದು ಬೂದು ಬಣ್ಣ: 'ಉದ್ದೇಶವಿಲ್ಲದ ಓಡಾಟ.' ಅಂಥವನ್ನು ಅದು ಲೆಕ್ಕದಿಂದ ತೆಗೆದು ಹಾಕುತ್ತದೆ.

"ಇದೇನಿದು ವಿಚಿತ್ರ," ಎಂದು ಸರ್ ಮುಂದೆ ಬಾಗಿದರು. "ಈ ಮನೆಯಿಂದ ಒಬ್ಬರು ಆಚೆ ಹೋಗಿ ಕೂಡಲೇ ವಾಪಸ್ ಬರ್ತಾರೆ. ಆಮೇಲೆ ಅದೇ ಆಚೆ ಮನೆಯಿಂದ ಒಬ್ಬರು ಈಚೆ ಬಂದು ವಾಪಸ್ ಹೋಗ್ತಾರೆ. ಊರಿಗೆ ಊರೇ ಹೀಗಿದೆಯಲ್ಲ?"

"ಡಬ್ಬಿ ಸರ್," ಅಂದೆ. "ಖಾಲಿ ಕೊಡೋ ಹಾಗಿಲ್ಲ."

"ಹಾಗಾದ್ರೆ ಇದು ಮುಗಿಯೋದು ಯಾವಾಗ?"

"ಮುಗೀಬಾರ್ದು ಅಂತಾನೇ ಖಾಲಿ ಕೊಡಲ್ಲ ಸರ್."

ಅವರು ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ನಾನು ದೊಡ್ಡಮ್ಮನ ಮನೆಯ ಮುಂದಿನ ಜಾಗವನ್ನು ಹಿಗ್ಗಿಸಿದೆ. ಪುಟ್ಟ ಹಗುರ ಹೆಜ್ಜೆಯೊಂದು ರಸ್ತೆಯ ಅಂಚಿಗೆ ಬಂದು ನಿಂತಿತು. ಲಾರಿಯೊಂದು ನಿಧಾನಿಸಿತು. ಹೆಜ್ಜೆ ಓಡಿತು. ನಡುವೆ ಒಮ್ಮೆ ಎಡವಿ, ಮತ್ತೆ ಓಡಿತು. ಆಚೆ ದಂಡೆಯಲ್ಲಿ ಕಾದು ನಿಂತ ದೊಡ್ಡ ಹೆಜ್ಜೆಯೊಂದು ಎರಡು ಮಾರು ಮುಂದೆ ಬಂದು ಅದನ್ನು ಸೇರಿಕೊಂಡಿತು.

ಎಡವಿದ್ದು ನನಗೆ ನೆನಪಿತ್ತು. ಕೈಯಲ್ಲಿ ಹೆಸರುಬೇಳೆ ಪಾಯಸ, ಅರ್ಧ ಲಂಗದ ಮೇಲೆ ಚೆಲ್ಲಿತ್ತು. ಜೈಬಮ್ಮ ಬೈಯದೆ ತಮ್ಮ ಸೆರಗಿನಿಂದ ಒರೆಸಿದ್ದರು. ಪರದೆಯ ಮುಂದೆ ಮೂಗೊರೆಸಿಕೊಂಡು ನಿಂತ ನನ್ನನ್ನು ಸರ್ ನೋಡಿಯೂ ನೋಡದವರಂತೆ ಮರುಪರೀಕ್ಷೆಯ ಆದೇಶಕ್ಕೆ ಸಹಿ ಹಾಕಿದರು.

"ಒಂದೇ ಒಂದು ದಿನ. ಮರುಪರೀಕ್ಷೆಗೆ ತಮಟೆ ಹೊಡೆಸಬೇಕು ಅಂತ ಕಾನೂನಿಲ್ಲ, ಊರಿನವರಿಗೆ ತಿಳಿಸುವ ಹಾಗಿಲ್ಲ," ಅಂದರು. "ಆ ಮೇಷ್ಟ್ರಿಗೆ ಗೊತ್ತಾದ್ರೆ ಪರೇಡ್ ಮಾಡಿಸ್ತಾರೆ. ಬೇಕೂಂತ ನಡೆದ ನಡಿಗೇನ ಯಂತ್ರ ಹಿಡಿದುಬಿಡುತ್ತೆ, ಆಗ ನಾನೂ ಏನೂ ಮಾಡಕ್ಕಾಗಲ್ಲ."

ಆ ದಿನಕ್ಕೆ ಮುಂಚೆ ನಾನು ಎಷ್ಟು ಸಲ ಫೋನು ಕೈಗೆತ್ತಿಕೊಂಡೆನೋ. ಸುಮ್ಮನೆ ಒಮ್ಮೆ ದಾಟಿ ಬಾ ದೊಡ್ಡಮ್ಮ ಎಂದರೆ ಸಾಕಿತ್ತು. ಆದರೆ ದೊಡ್ಡಮ್ಮನ ಕಿವಿಗೆ ಬಿದ್ದದ್ದು ಮೇಷ್ಟ್ರ ಕಿವಿಗೆ ಬೀಳಲು ಒಂದು ಇಡ್ಲಿ ಬೇಯುವಷ್ಟು ಹೊತ್ತು ಸಾಕು. ಮಾಡಲಿಲ್ಲ.

ಮರುಪರೀಕ್ಷೆಯ ಬೆಳಿಗ್ಗೆ ಸರ್ ಮತ್ತು ನಾನು ಪರದೆಯ ಮುಂದೆ ಕೂತೆವು. ವಾಹನಗಳು ತೆವಳಿದವು. ಎರಡು ದಂಡೆಯಲ್ಲೂ ಹಳದಿ ಚುಕ್ಕಿಗಳು ರಸ್ತೆಯ ಅಂಚಿನವರೆಗೆ ಬಂದು ಹಿಂದಕ್ಕೆ ಹೋದವು. ನನ್ನೂರಿನ ಹಾಳು ಶಿಸ್ತು! ಕಾಫಿ ತಣ್ಣಗಾಯಿತು. ಇಷ್ಟೇ, ಗೋಡೆಯೇ ಗತಿ ಎಂದುಕೊಂಡೆ.

ಆಗ ಪಶ್ಚಿಮದ ದಂಡೆಯಿಂದ ಒಂದು ನಡಿಗೆ ಹೊರಟಿತು. ಹೆಜ್ಜೆ, ಹೆಜ್ಜೆ, ಆಮೇಲೊಂದು ಸಣ್ಣ ಕುಟ್ಟು. ಮತ್ತೆ ಹೆಜ್ಜೆ, ಹೆಜ್ಜೆ, ಕುಟ್ಟು.

"ಕೋಲು!" ಎಂದು ನಾನು ಕುರ್ಚಿಯಿಂದ ಎದ್ದೆ. "ಜೈಬಮ್ಮ ಸರ್!"

ಆ ನಡಿಗೆ ರಸ್ತೆಯ ನಡುವಿಗೆ ಬಂದು ನಿಂತುಬಿಟ್ಟಿತು. ಎರಡೂ ಕಡೆ ಭಾರದ ಲಾರಿಗಳು ಬ್ರೇಕ್ ಹಾಕಿದ ನಡುಕ ಪರದೆಯುದ್ದಕ್ಕೂ ಹರಿಯಿತು. ಟಪ್‌ಟಪ್ ಎಂದು ಅಳತೆಯ ಹೆಜ್ಜೆಯೊಂದು ಓಡಿ ಬಂತು. ಬೇರೆ ಯಾರಿರುತ್ತಾರೆ, ಡ್ರಿಲ್ ಮೇಷ್ಟ್ರು. ಆಮೇಲೆ ಪೂರ್ವದ ದಂಡೆಯಿಂದ ಚಪ್ಪಲಿ ಎಳೆಯುವ ನಡಿಗೆ, ಇಷ್ಟು ವರ್ಷದಲ್ಲಿ ನಾನು ಎಂದೂ ಕೇಳದಷ್ಟು ಬೇಗ ಬೇಗ ಬಂದು, ನಡುರಸ್ತೆಯಲ್ಲಿ ಕೋಲಿನ ಎದುರು ನಿಂತಿತು.

ಇಬ್ಬರೂ ಅಲ್ಲೇ ನಿಂತರು. ಹೆದ್ದಾರಿಯೇ ನಿಂತಿತು. ವಾಹನಗಳ ಸಾಲು ದೊಡ್ಡಪಾಳ್ಯ ದಾಟಿ ಬೆಳೆಯಿತು.

ಊರೆಂದರೆ ಹಾಗೆ. ಯಾರಾದರೂ ಮೊದಲು ಮಾಡಲಿ ಎಂದು ಎಲ್ಲರೂ ಕಾಯುತ್ತಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸೋಮನಬಾವಿ ಕಟ್ಟೆಯೊಡೆದ ಹಾಗೆ ದಾಟತೊಡಗಿತು. ತಿಂಗಳಿಗೂ ಮಿಕ್ಕಿ ಬಾಕಿ ಬಿದ್ದ ಡಬ್ಬಿಗಳೆಲ್ಲ ಹೊರಟಿದ್ದವು ಅಂತ ಕಾಣುತ್ತದೆ. ಯಂತ್ರ ಮಾತ್ರ ಎಲ್ಲಕ್ಕೂ ಬೂದು ಬಣ್ಣ ಬಳಿಯುತ್ತಲೇ ಹೋಯಿತು: ಉದ್ದೇಶವಿಲ್ಲ, ಉದ್ದೇಶವಿಲ್ಲ.

ವಾಸುಕಿ ಸರ್ ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡರು. ಕಾರಣಗಳ ಸಾಲಿಗೆ ಹೊಸದೊಂದನ್ನು ಸೇರಿಸುವ ಅಧಿಕಾರ ಅವರೊಬ್ಬರಿಗೇ ಇದ್ದದ್ದು. ಶಾಲೆ, ಸಂತೆ, ಕೆಲಸ, ಬಸ್ಸು. ಅದರ ಕೆಳಗೆ 'ಡಬ್ಬಿ' ಎಂದು ಒತ್ತಿದರು.

"ನಮ್ಮೂರಿಗೆ ಬೈಪಾಸ್ ಆದಾಗ ಇದನ್ನು ಕೇಳೋರು ಯಾರೂ ಇರಲಿಲ್ಲ," ಎಂದರು. ಅವರಿಗೂ ಒಂದು ಊರಿತ್ತೆಂಬುದು ನನಗೆ ಅಂದೇ ಗೊತ್ತಾದದ್ದು.

ನೆರಳೂರನ್ನು ಮತ್ತೆ ಓಡಿಸಿದೆವು. ಗೋಡೆ ಹಾಕಿದ ನೆರಳೂರಿನಲ್ಲಿ ಪಶ್ಚಿಮದ ಬೀದಿಗಳು ಒಂದೊಂದಾಗಿ ಆರಿದವು. ಬಾಗಿಲು ಬಿಟ್ಟ ನೆರಳೂರು ಉಳಿಯಿತು. ಸೋಮನಬಾವಿಗೆ ಅಂಡರ್‌ಪಾಸ್ ಎಂದು ಯಂತ್ರವೇ ಬರೆಯಿತು.

ಸಂಜೆ ದೊಡ್ಡಮ್ಮನ ಫೋನು ಬಂತು.

"ನೋಡೇ ಇಂಚರ, ರೋಡ್ ಮಧ್ಯ ನಿಂತ್ಕಂಡು ಬೈದ್ಲು ಕಣೆ! 'ನಂಗೆ ಸಕ್ಕರೆ ಕಳಿಸ್ತೀಯಾ ವನಜಾ, ನಾನೇನು ಹೊರಗಿನೋಳಾ' ಅಂತ. ಲಾರಿಯೋರೆಲ್ಲ ಇಳ್ದು ನೋಡ್ತಾವ್ರೆ. ಡಬ್ಬಿ ತೆಗುದ್ರೆ ಶ್ಯಾವಿಗೆ ಪಾಯಸ. ನನ್ ಸಕ್ಕರೇನೇ ಹಾಕಿ ಮಾಡ್ಕಂಡ್ ಬಂದವ್ಳೆ!" ಅಷ್ಟು ಹೇಳಿ ನಕ್ಕಳು, ನಗುತ್ತಲೇ ಅತ್ತಳು. "ಮೇಷ್ಟ್ರಿಗೆ ಬೇಜಾರಾಗದೆ ಪಾಪ. ಊರಿನ ಮರ್ಯಾದೆ ನಾವಿಬ್ರೇ ತೆಗುದ್ವಂತೆ."

ಈಗ ಸೋಮನಬಾವಿಯಲ್ಲಿ ಜಾಮ್ ಇಲ್ಲ. ಬಸ್ಸುಗಳು ಮೇಲಿನ ರಸ್ತೆಯಲ್ಲಿ ಸುಯ್ಯನೆ ಹೋಗುತ್ತವೆ, ಕೆಳಗೊಂದು ಊರಿದೆ ಎಂಬುದೇ ಕೂತವರಿಗೆ ತಿಳಿಯುವುದಿಲ್ಲ. ಕಿಟಕಿಗೆ ಇಡ್ಲಿ ಕೊಡುವಂತಿಲ್ಲ. ದೊಡ್ಡಮ್ಮ ಅಂಗಡಿ ಮುಚ್ಚಿದಳು. ಆ ರಸ್ತೆಯನ್ನು ಚೊಕ್ಕ ಮಾಡಿದವರಲ್ಲಿ ನಾನೂ ಒಬ್ಬಳು. ಆಸ್ಪತ್ರೆಗೆ ಹೋಗುವವರು ಈಗ ಬೇಗ ತಲುಪುತ್ತಾರೆ, ಅದು ಒಳ್ಳೆಯದೇ. ಆದರೂ ಆ ಕಡೆ ಹೋದಾಗಲೆಲ್ಲ ಹೊಗೆಯ ವಾಸನೆಯನ್ನು ಮೂಗು ಹುಡುಕುತ್ತದೆ. ದೂರದ ರಾಜ್ಯಗಳ ಎಂಜಿನಿಯರುಗಳು ನಮ್ಮ ಯಂತ್ರ ತರಿಸಿಕೊಂಡು, ಈ 'ಡಬ್ಬಿ' ಎಂದರೇನು ಎಂದು ಪತ್ರ ಬರೆಯುತ್ತಾರೆ. ಉತ್ತರ ಬರೆಯುವುದು ನನ್ನ ಕೆಲಸ, ನನಗದು ಎಂದೂ ಬೇಸರ ತಂದಿಲ್ಲ.

ಹೋದ ವರ್ಷ ಜೈಬಮ್ಮ ತೀರಿಕೊಂಡರು. ಮಣ್ಣು ಮುಗಿದ ಮೇಲೆ ದೊಡ್ಡಮ್ಮ ಫೋನಿನಲ್ಲಿ ಒಂದೇ ಮಾತು ಹೇಳಿದಳು.

"ಡಬ್ಬಿ ನನ್ ಹತ್ರನೇ ಉಳ್ಕಂತು ಕಣೆ. ಯಾರಿಗ್ ಕೊಡ್ಲಿ?"



ಕೆಲವು ದಿನ ಕಳೆದು, ಬೇರೆ ಯಾವುದೋ ರಸ್ತೆಯ ಕೆಲಸದ ನಡುವೆ, ಮನಸ್ಸು ತಡೆಯದೆ ಪರದೆಯನ್ನು ಸೋಮನಬಾವಿಗೆ ತಿರುಗಿಸಿದೆ. ಹೊಸ ರಸ್ತೆಯ ನಿಗಾಕ್ಕೆಂದು ಅಲ್ಲಿ ಕೇಬಲ್ ಈಗಲೂ ಆಲಿಸುತ್ತಿತ್ತು. ಚಪ್ಪಲಿ ಎಳೆಯುವ ನಡಿಗೆ ಅಂಡರ್‌ಪಾಸನ್ನು ಪ್ರವೇಶಿಸುತ್ತಿತ್ತು. ನಿಧಾನವಾಗಿ ಆಚೆ ಹೋಯಿತು, ಜೈಬಮ್ಮನ ಮನೆಯ ಮುಂದೆ ನಿಂತಿತು, ಡಬ್ಬಿ ಅಲ್ಲೇ ಬಿಟ್ಟು ಬರಿಗೈಯಲ್ಲಿ ಎಂಬಂತೆ ಇನ್ನೂ ನಿಧಾನವಾಗಿ ವಾಪಸ್ ಬಂತು. ಸರ್ ಬಂದು ನನ್ನ ಹಿಂದೆ ನಿಂತರು.  ಇಬ್ಬರೂ ಕೆಲಸ ಬಿಟ್ಟು ಕಾದೆವು.

ಸಂಜೆಯ ಹೊತ್ತಿಗೆ ಪಶ್ಚಿಮದಿಂದ ಒಂದು ನಡಿಗೆ ಹೊರಟಿತು. ಕೋಲಿಲ್ಲ. ಹಗುರವಾದ, ಚುರುಕಾದ, ಎಳೆಯ ಹೆಜ್ಜೆ. ಬಹುಶಃ ಜೈಬಮ್ಮನ ಮೊಮ್ಮಗಳು. ಅಂಡರ್‌ಪಾಸಿನಲ್ಲಿ ಒಮ್ಮೆ ಓಡಿ, ದೊಡ್ಡಮ್ಮನ ಬಾಗಿಲಲ್ಲಿ ನಿಂತಿತು. ಯಂತ್ರ ಅದಕ್ಕೆ ಹೆಸರು ಹಚ್ಚಿತು: ಡಬ್ಬಿ.